ವೈನ್ ಪಾರ್ಸೆಲ್: ಯಾವ ರಾಜ್ಯದ ಕಾನೂನು?

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಿಂದ ಯೂಟಾ ರಾಜ್ಯಕ್ಕೆ ಮನೆ ಬದಲಿಸಿದ್ದಾನೆ. ತಿಂಗಳಿಗೊಮ್ಮೆ ವೈನ್ ಕಳಿಸುತ್ತಿದ್ದ ಕ್ಯಾಲಿಫೋರ್ನಿಯಾದ ನಾಪಾದ ವೈನರಿ (ವೈನ್ ತಯಾರಕರು) ಈಗ ‘ಆ ವಿಳಾಸಕ್ಕೆ ಆಗದು’ ಎನ್ನುತ್ತಿದೆ. ಹೊರರಾಜ್ಯದಿಂದ ವೈನ್ ಮನೆಗೆ ತರಿಸಲು ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆಯಲ್ಲವೇ? ಹಳೆಯ ಊರಿನ ಗೆಳೆಯರ ಮನೆಗೆ ತರಿಸಿ, ಅಲ್ಲಿಂದ ಕೊರಿಯರ್ ಮಾಡಿಸಬಹುದೇ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನೀವು ಹೇಳುತ್ತಿರುವುದು 2005ರ ಗ್ರ್ಯಾನ್‌ಹೋಮ್ ವಿರುದ್ಧ ಹೀಲ್ಡ್ ತೀರ್ಪು. ಮಿಷಿಗನ್, ನ್ಯೂಯಾರ್ಕ್ ತಮ್ಮ ವೈನರಿಗಳಿಗೆ ಮನೆಗೆ ಕಳಿಸಲು ಬಿಟ್ಟು, ಹೊರಗಿನವರಿಗೆ ಅಡ್ಡಗಾಲು ಹಾಕಿದ್ದವು. ಆ ತಾರತಮ್ಯ ಸಲ್ಲದು ಎಂದಿತು ಕೋರ್ಟ್, ಅಷ್ಟೇ. ಒಳಗಿನವರು, ಹೊರಗಿನವರು ಯಾರಿಗೂ ಬಿಡದ ರಾಜ್ಯಕ್ಕೆ ಅದು ತಾಗುವುದಿಲ್ಲ. ಯೂಟಾ ಅಂಥದ್ದು. ಅಮೆರಿಕ ಸಂವಿಧಾನದ 1933ರ 21ನೇ ತಿದ್ದುಪಡಿಯಿಂದಲೇ ಮದ್ಯದ ಲಗಾಮು ರಾಜ್ಯಗಳ ಕೈಯಲ್ಲಿದೆ. ಪಾರ್ಸೆಲ್ ಯಾವ ರಾಜ್ಯದಲ್ಲಿ ಇಳಿಯುತ್ತದೋ ಅಲ್ಲಿನ ನಿಯಮವನ್ನು ನೋಡಬೇಕು.

ಗೆಳೆಯರ ದಾರಿಯೂ ಬೇಡ. ಅಮೆರಿಕದ ಅಂಚೆಯಲ್ಲಿ ಮದ್ಯ ನಿಷಿದ್ಧ. ಫೆಡ್‌ಎಕ್ಸ್, ಯುಪಿಎಸ್ ಕೊರಿಯರ್ ಕಂಪನಿಗಳು ಲೈಸೆನ್ಸ್ ಇದ್ದು ತಮ್ಮೊಂದಿಗೆ ಒಪ್ಪಂದ ಮಾಡಿಕೊಂಡವರಿಂದಷ್ಟೇ ಪಡೆಯುತ್ತವೆ. ‘ಆಲಿವ್ ಎಣ್ಣೆ’ ಎಂದು ಬರೆದು ಕಳಿಸುವ ಜಾಣರೂ ಇದ್ದಾರೆ. ಡಬ್ಬಿ ಸೋರಿ ಕೆಂಪಾದರೆ ಪರಿಹಾರ ಕೇಳಲೂ ಬಾಯಿ ಇರುವುದಿಲ್ಲ. ಯೂಟಾದ ಸರ್ಕಾರಿ ಮದ್ಯದಂಗಡಿಯಲ್ಲಿ ‘ಸ್ಪೆಷಲ್ ಆರ್ಡರ್’ ಕೊಟ್ಟು ತರಿಸಿಕೊಳ್ಳುವುದೇ ನೇರ ದಾರಿ.

ಮುಂದೆ ಅವಕಾಶವಿರುವ ರಾಜ್ಯಕ್ಕೆ ಹೋದರೆ ಮಗ ಆಫೀಸಿನ ವಿಳಾಸ ಕೊಡಲಿ. 21 ವರ್ಷ ತುಂಬಿದವರು ಗುರುತಿನ ಚೀಟಿ ತೋರಿಸಿ ಸಹಿ ಮಾಡದೆ ಪಾರ್ಸೆಲ್ ಕೊಡುವುದಿಲ್ಲ. ಹಗಲು ಬೀಗ ಹಾಕಿದ ಮನೆಯಿಂದ ಅದು ವಾಪಸ್ ಹೋಗುತ್ತದೆ. ಅಲ್ಲಿ ಬೇಸಿಗೆಯಾಗಿರುವ ಜುಲೈ, ಆಗಸ್ಟ್‌ನಲ್ಲಿ ತರಿಸಬಾರದು. ಸುಡುವ ಲಾರಿಯಲ್ಲಿ ವೈನ್ ಹಿಗ್ಗಿ ಬಿರಡೆ ಕೂದಲೆಳೆಯಷ್ಟು ಮೇಲೇಳುತ್ತದೆ, ಕತ್ತಿನ ಸುತ್ತ ಅಂಟು ಜಿನುಗುತ್ತದೆ. ಅಂಥ ಬಾಟಲಿಯ ಫೋಟೋ ತೆಗೆದು, ತೆರೆಯುವ ಮೊದಲೇ ವೈನರಿಗೆ ಕಳಿಸಬೇಕು.

ಪ್ರಶ್ನೆ: ನಾಸಿಕ್ ವೈನ್ ಆನ್‌ಲೈನ್‌ನಲ್ಲಿ ಗದಗಕ್ಕೆ ತರಿಸಬಹುದೇ? ಗೋವಾದಿಂದ ಕಾರಿನಲ್ಲಿ ತಂದರೆ?
– ಓದುಗರು, ಗದಗ

ಉತ್ತರ: ತರಿಸುವಂತಿಲ್ಲ. ಇಲ್ಲೂ ಮದ್ಯ ರಾಜ್ಯಪಟ್ಟಿಯ ವಿಷಯ (ಸಂವಿಧಾನದ ಏಳನೇ ಅನುಸೂಚಿ, 8ನೇ ನಮೂದು). ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಹೊರರಾಜ್ಯದ ಮಾಲು ಒಳಬರಲು ಪರವಾನಗಿ ಬೇಕು, ಸುಂಕ ಕಟ್ಟಿರಬೇಕು. ಗೋವಾ ಬಾಟಲಿಯ ಲೇಬಲ್ ಮೇಲೆ ‘ಗೋವಾದಲ್ಲಿ ಮಾತ್ರ ಮಾರಾಟಕ್ಕೆ’ ಎಂಬ ಸಣ್ಣ ಸಾಲಿರುತ್ತದೆ. ಗೋವಾ ಗಡಿಯ ಅನಮೋಡ ಚೆಕ್‌ಪೋಸ್ಟ್‌ನವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅಂಗಡಿಯ ಬಿಲ್ಲು ಖರೀದಿಗೆ ಸಾಕ್ಷಿ, ಸಾಗಣೆಗೆ ಪರವಾನಗಿಯಲ್ಲ.

ನಾಸಿಕ್‌ನ ಹಲವು ಬ್ರ್ಯಾಂಡ್‌ಗಳು ಕರ್ನಾಟಕದ ಲೇಬಲ್‌ನಲ್ಲೇ ಸಿಗುತ್ತವೆ. ಹುಬ್ಬಳ್ಳಿಯ ಲೈಸೆನ್ಸ್ ಅಂಗಡಿಯಲ್ಲಿ ವಿಚಾರಿಸಿ. ‘ವೈನ್ ಹೋಮ್ ಡೆಲಿವರಿ’ ಎಂದು ಫೋನ್ ನಂಬರ್ ಕೊಟ್ಟು ಮುಂಗಡ ಕೇಳುವವರಿಗೆ ಓಟಿಪಿ ಹೇಳಿದರೆ ದುಡ್ಡು ಹೋಗುತ್ತದೆ, ಬಾಟಲಿ ಬರುವುದಿಲ್ಲ. ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.