ಗಿಡ್ಡ ಹಸು ಕೊಳ್ಳುವ ಮೊದಲು ಹೋರಿ ಎಲ್ಲಿದೆ ಅಂತ ನೋಡಿಕೊಳ್ಳಿ

ನೀವು ಕೇಳಿದ್ದು ಇಷ್ಟು: ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟ ಇದೆ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರುವ ಮನಸ್ಸಿದೆ. ಪುಂಗನೂರಿನಂಥ ಗಿಡ್ಡ ತಳಿಯ ನಾಲ್ಕು ಹಸು ತಂದು ಕರು ಮಾಡಿಸಿ ಮಾರಿದರೆ ಸಂಸಾರ ನಡೆದೀತೇ? ಎಷ್ಟು ಗಿಡ್ಡ ಇದ್ದರೆ ಒಳ್ಳೆಯ ಬೆಲೆ?

ಕರು ಮಾರಿಯೇ ಸಂಸಾರ ನಡೆಯುವುದಿಲ್ಲ. ಆದರೆ ದನ ತರುವ ಯೋಚನೆಯನ್ನು ಮಾತ್ರ ಬಿಡಬೇಡಿ. ನಮ್ಮದು ಸಾಗರದ ಕಡೆಯ ಮನೆ, ಕೊಟ್ಟಿಗೆಯಲ್ಲಿ ಅತ್ತೆಯ ಕಾಲದಿಂದ ಮಲೆನಾಡು ಗಿಡ್ಡವೇ ಇರುವುದು. ಎರಡು ಎಕರೆ ತೋಟಕ್ಕೆ ಇದಕ್ಕಿಂತ ಒಪ್ಪುವ ಜಾನುವಾರು ಇನ್ನೊಂದಿಲ್ಲ ಎಂದು ಗಟ್ಟಿಯಾಗಿ ಹೇಳಬಲ್ಲೆ.

ಮೊದಲು ತಳಿಯ ಮಾತು. 2024ರ ಸಂಕ್ರಾಂತಿಗೆ ಪ್ರಧಾನಿಯವರು ತಮ್ಮ ಮನೆಯಲ್ಲಿ ಪುಂಗನೂರು ದನಗಳಿಗೆ ಮೇವು ಕೊಡುವ ಚಿತ್ರ ಬಂದ ಮೇಲೆ ಎಲ್ಲರಿಗೂ ಅದೇ ಬೇಕಾಗಿದೆ. ಒಳ್ಳೆಯ ತಳಿ, ಅನುಮಾನವಿಲ್ಲ. ಆದರೆ ಅದು ಆಂಧ್ರದ ಚಿತ್ತೂರು ಕಡೆಯ ಒಣ ಸೀಮೆಯದು. ನಿಮ್ಮ ಊರಿನ ಮಳೆಗೆ, ಜಾರುವ ಧರೆಗೆ, ಇಂಬಳಕ್ಕೆ (ಜಿಗಣೆಗೆ), ರಕ್ತ ಹೀರುವ ಉಣ್ಣೆ ಹುಳಕ್ಕೆ ಒಗ್ಗಿದ ದನ ನಿಮ್ಮ ಅಕ್ಕಪಕ್ಕದಲ್ಲೇ ಇರುವಾಗ ಲಕ್ಷಗಟ್ಟಲೆ ಕೊಟ್ಟು ಅಲ್ಲಿಂದ ಯಾಕೆ ತರುತ್ತೀರಿ? ಮಲೆನಾಡು ಗಿಡ್ಡಕ್ಕೆ 2012ರಲ್ಲಿ ರಾಷ್ಟ್ರೀಯ ತಳಿಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಭುಜದ ಎತ್ತರ ಸಾಮಾನ್ಯವಾಗಿ ಮೀಟರಿನ ಒಳಗೇ, ದೊಡ್ಡ ಹಸುವೂ ನೂರು ಕೆಜಿಯ ಆಸುಪಾಸು. ವರ್ಷ ವರ್ಷ ಗಬ್ಬ ನಿಲ್ಲುತ್ತದೆಂದೇ ಇದನ್ನು ವರ್ಷಗಂಧಿ ಅಂತಲೂ ಕರೆಯುತ್ತಾರೆ.

ಈಗ ಮುಖ್ಯ ವಿಷಯ. ದನ ಸಾಕುತ್ತೇವೆ ಅಂತ ಫೋನ್ ಮಾಡುವವರೆಲ್ಲ ಹಸುವಿನ ಬಣ್ಣ ಕೇಳುತ್ತಾರೆ, ಕಪಿಲೆ ಇದೆಯಾ ಅಂತ ಕೇಳುತ್ತಾರೆ, ಎತ್ತರ ಕೇಳುತ್ತಾರೆ, ಹೋರಿಯ ಸುದ್ದಿ ಎತ್ತುವುದಿಲ್ಲ. ಹಿಂದೆ ಕೇಳುವ ಅಗತ್ಯವೂ ಇರಲಿಲ್ಲ. ದನಗಳನ್ನು ಬೆಳಿಗ್ಗೆ ಬೆಟ್ಟಕ್ಕೆ ಹೊಡೆದರೆ ನಾಲ್ಕು ಊರಿನ ಹೋರಿಗಳು ಅಲ್ಲೇ ಇರುತ್ತಿದ್ದವು, ದೇವರಿಗೆ ಬಿಟ್ಟ ಬಸವನೂ ಇರುತ್ತಿದ್ದ. ಬಲವಿದ್ದದ್ದು ಹಾರುತ್ತಿತ್ತು, ರಕ್ತ ತಾನಾಗಿ ಬೆರೆಯುತ್ತಿತ್ತು. ಈಗ ಬೇಲಿ ಬಂದಿದೆ, ಬೆಟ್ಟಕ್ಕೆ ಹೊಡೆಯುವವರಿಲ್ಲ, ಹೋರಿ ಸಾಕುವವರಂತೂ ಇಲ್ಲವೇ ಇಲ್ಲ. ನಾಲ್ಕು ಹಸು ತಂದವರು ಕೊಟ್ಟಿಗೆಯಲ್ಲೇ ಹುಟ್ಟಿದ ಹೋರಿಕರುವನ್ನು ಬೆಳೆಸಿ, ಅದರ ತಾಯಿಗೂ ತಂಗಿಗೂ ಅದನ್ನೇ ಬಿಡುತ್ತಾರೆ. ತಾಯಿ ಮಗ, ಅಪ್ಪ ಮಗಳು ಕೂಡಿ ಹುಟ್ಟಿದ ಕರುವಿನಲ್ಲಿ ಒಳಸಂಕರದ (ಹತ್ತಿರದ ರಕ್ತವೇ ಕೂಡಿದ್ದರ) ಪ್ರಮಾಣ ಶೇಕಡಾ 25. ಹೀಗೆ ಎರಡು ಮೂರು ತಲೆಮಾರು ಹೋದರೆ ಹೋರಿ ಕೂಡಿದ ಹಸು ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬರುತ್ತದೆ, ಕರು ಎದ್ದು ನಿಲ್ಲಲು ತಡವರಿಸುತ್ತದೆ, ಹಾಲು ಕಡಿಮೆಯಾಗುತ್ತದೆ. ಕರು ಇನ್ನೂ ಚಿಕ್ಕದಾಗಿಯೇ ಹುಟ್ಟುತ್ತದೆ, ನಿಜ. ಅದನ್ನೇ ಅಪರೂಪದ ಕುಳ್ಳ ತಳಿ ಅಂತ ಮಾರುವವರೂ ಇದ್ದಾರೆ. ಅದು ರೋಗ, ತಳಿಯಲ್ಲ.

ಎಷ್ಟು ಗಿಡ್ಡವಿದ್ದರೆ ಒಳ್ಳೆಯದು ಎಂಬುದಕ್ಕೂ ಇದೇ ಉತ್ತರ. ಗಿಡ್ಡತನದಲ್ಲಿ ಎರಡು ಬಗೆ. ನಮ್ಮ ದನಗಳದ್ದು ತಲೆ, ಮೈ, ಕಾಲು ಎಲ್ಲ ಸಮವಾಗಿ ಚಿಕ್ಕದಾದ ಅಳತೆ. ಇನ್ನೊಂದು ಬಗೆಯಲ್ಲಿ ಮೈ ದೊಡ್ಡದಿದ್ದು ಕಾಲು ಮಾತ್ರ ಮೋಟು. ಐರ್ಲೆಂಡಿನ ಡೆಕ್ಸ್ಟರ್ ತಳಿಯ ಮೋಟುಗಾಲಿಗೆ ಒಂದು ದೋಷದ ಜೀನ್ ಕಾರಣ. ಅದನ್ನು ಹೊತ್ತ ಹಸುವಿಗೆ ಅದನ್ನೇ ಹೊತ್ತ ಹೋರಿ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಕರು ವಿಕಾರವಾಗಿ ಬೆಳೆದು, ಹುಟ್ಟುವ ಮೊದಲೇ ಸಾಯುತ್ತದೆ. ಅಲ್ಲಿನವರು ಈಗ ಪರೀಕ್ಷೆ ಮಾಡಿಸಿಯೇ ಜೋಡಿ ಮಾಡುತ್ತಾರೆ. ಆದ್ದರಿಂದ ಮಾರುವವರು ತೋರಿಸುವ ಅಳತೆಪಟ್ಟಿಗೆ ಮರುಳಾಗಬೇಡಿ. ಮಾಣಿಕ್ಯಂ ಎಂಬ ಕೇರಳದ ವೆಚೂರು ಹಸು 61.1 ಸೆಂ.ಮೀ. ಎತ್ತರಕ್ಕೆ 2014ರಲ್ಲಿ ಗಿನ್ನಿಸ್ ದಾಖಲೆಗೆ ಸೇರಿತು, ಆದರೆ ವೆಚೂರು ಹಸುಗಳೆಲ್ಲ ಅಷ್ಟು ಕುಳ್ಳವಲ್ಲ. ನೀವು ನೋಡಬೇಕಾದ್ದು ಗೊರಸು, ನಡಿಗೆ, ಕೆಚ್ಚಲು, ಎರಡು ಕರುಗಳ ನಡುವಿನ ಅಂತರ.

ವೆಚೂರಿನ ಕಥೆಯನ್ನು ನೀವು ತಿಳಿದಿರಲೇಬೇಕು. ಕೇರಳದಲ್ಲಿ 1961ರ ಜಾನುವಾರು ಅಭಿವೃದ್ಧಿ ಕಾಯ್ದೆ ಬಂದ ಮೇಲೆ ನಾಟಿ ಹೋರಿಗಳ ಬೀಜ ಒಡೆಸಿದರು, ಹಸುಗಳಿಗೆ ವಿದೇಶಿ ತಳಿಯ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಬಂತು. ಹಸುಗಳು ಮನೆಮನೆಯಲ್ಲಿದ್ದರೂ ತಳಿ ಅಳಿಯುತ್ತಾ ಬಂತು, ಹೋರಿಯೇ ಇರಲಿಲ್ಲವಲ್ಲ. 1989ರಲ್ಲಿ ಮಣ್ಣುತ್ತಿಯ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಊರೂರು ಅಲೆದು ಉಳಿದವನ್ನು ಹುಡುಕಿ ತಂದದ್ದರಿಂದ ವೆಚೂರು ಇವತ್ತಿಗೂ ಇದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು.

ಹಾಗಾಗಿ ಹಸು ನೋಡುವ ಮೊದಲು ಎರಡು ಗಂಟೆ ದಾರಿಯೊಳಗೆ ಗಿಡ್ಡ ಸಾಕುವ ಮೂರ್ನಾಲ್ಕು ಮನೆ ಹುಡುಕಿಕೊಳ್ಳಿ. ಒಬ್ಬೊಬ್ಬರು ಒಂದೊಂದು ಹೋರಿ ಇಟ್ಟುಕೊಂಡು ಎರಡು ವರ್ಷಕ್ಕೊಮ್ಮೆ ಮನೆ ಬದಲಿಸಿದರೆ ಮಗಳು ಬೆದೆಗೆ ಬರುವ ಹೊತ್ತಿಗೆ ಅಪ್ಪ ಇನ್ನೊಂದು ಕೊಟ್ಟಿಗೆಯಲ್ಲಿರುತ್ತಾನೆ. ನಾವು ನಡೆಸಿಕೊಂಡು ಬಂದದ್ದು ಹೀಗೆಯೇ. ಪ್ರತಿ ಕರುವಿನ ಕಿವಿಯ 12 ಅಂಕಿಯ ಓಲೆ ಸಂಖ್ಯೆಯ ಎದುರು ತಾಯಿ ಯಾರು, ತಂದೆ ಯಾರು ಅಂತ ಪುಸ್ತಕದಲ್ಲಿ ಬರೆದಿಡಿ. ಹತ್ತು ವರ್ಷದ ಮೇಲೆ ಕರು ಕೊಳ್ಳಲು ಬಂದವರಿಗೆ ಬಣ್ಣಕ್ಕಿಂತ ಆ ಪುಸ್ತಕಕ್ಕೇ ಬೆಲೆ.

ಹೋರಿ ಸಿಗಲಿಲ್ಲವೆಂದು ಜರ್ಸಿ ಇಂಜೆಕ್ಷನ್ ಕೊಡಿಸಲು ಮಾತ್ರ ಹೋಗಬೇಡಿ. ಗಿಡ್ಡದ ಕರು ಹುಟ್ಟುವಾಗ ಎಂಟು ಹತ್ತು ಕೆಜಿ ತೂಗಿದರೆ ಹೆಚ್ಚು. ಆ ಸಣ್ಣ ಗರ್ಭದಲ್ಲಿ ದೊಡ್ಡ ತಳಿಯ ಕರು ಬೆಳೆದರೆ ಕರು ಹಾಕುವಾಗ ಸಿಕ್ಕಿಕೊಳ್ಳುತ್ತದೆ. ಹಸುವನ್ನೂ ಕರುವನ್ನೂ ಒಟ್ಟಿಗೆ ಕಳೆದುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ. ಗಿಡ್ಡ ಗಿಡ್ಡಕ್ಕೇ ಕೂಡಿದ್ದರೆ ನಾವು ಬೆಳಿಗ್ಗೆ ಎದ್ದು ಹೋಗುವಷ್ಟರಲ್ಲಿ ಕರು ಎದ್ದು ಮೊಲೆ ಹುಡುಕುತ್ತಿರುತ್ತದೆ.

ಹಾಲಿನ ಲೆಕ್ಕ ಚಿಕ್ಕದು. ಕರುವಿಗೆ ಬಿಟ್ಟು ದಿನಕ್ಕೆ ಒಂದರಿಂದ ಎರಡು ಲೀಟರ್ ಸಿಗುತ್ತದೆ, ಒಳ್ಳೆಯ ಹಸು ಮೂರು ಕೊಟ್ಟೀತು. ಮನೆಗೆ ಮೊಸರು, ಮಜ್ಜಿಗೆ, ತುಪ್ಪಕ್ಕೆ ಸಾಕು. ಡೈರಿಗೆ ಹಾಕಿ ಬದುಕುವ ಹಾಲಲ್ಲ.

ನಿಜವಾದ ಲೆಕ್ಕ ಗೊಬ್ಬರದ್ದು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕೆಜಿ ಕಾಂಪೋಸ್ಟ್, 12 ಕೆಜಿ ಹಸಿರೆಲೆ ಕೊಡಬೇಕೆಂಬ ಶಿಫಾರಸಿದೆ. ಎರಡು ಎಕರೆಯಲ್ಲಿ ಸಾವಿರದ ನೂರರಷ್ಟು ಮರ ಹಿಡಿದರೂ ಹದಿಮೂರು ಟನ್ ಕಾಂಪೋಸ್ಟ್ ಬೇಕು. ಒಂದು ಗಿಡ್ಡ ದಿನಕ್ಕೆ ನಾಲ್ಕೈದು ಕೆಜಿ ಸಗಣಿ ಹಾಕುತ್ತದೆ. ಅದರ ಕೆಳಗೆ ಮಳೆಗಾಲದಲ್ಲಿ ಸೊಪ್ಪು, ಬೇಸಿಗೆಯಲ್ಲಿ ತೋಟದ್ದೇ ದರಗು (ಒಣಗಿದ ಎಲೆ) ಹಾಸಿ, ಗಂಜಲವೂ ಅದರಲ್ಲೇ ಇಂಗಿದರೆ ನಾಲ್ಕು ಹಸುವಿನ ಕೊಟ್ಟಿಗೆಯಿಂದ ಆ ಹದಿಮೂರು ಟನ್ನಿನ ದೊಡ್ಡ ಪಾಲು ಎದ್ದು ಬರುತ್ತದೆ. ಲಾರಿ ಗೊಬ್ಬರ ತರಿಸುವ ಖರ್ಚನ್ನು ಇದರ ಎದುರಿಗೆ ಇಟ್ಟು ನೋಡಿ. ಮೇವಿಗೆ ಬಿಳಿಹುಲ್ಲು, ತೋಟದ ಹುಲ್ಲು, ಕೊಚ್ಚಿದ ಅಡಿಕೆ ಹಾಳೆ, ಬಾಳೆದಿಂಡು, ಅಕ್ಕಚ್ಚು, ಕರೆಯುವ ಹಸುವಿಗೆ ಹಿಡಿ ಹಿಂಡಿ. ಹೊರಗಿಂದ ಕೊಳ್ಳುವುದು ಹಿಂಡಿ, ಮಳೆಗಾಲಕ್ಕೆ ಒಂದಿಷ್ಟು ಹುಲ್ಲು, ಅಷ್ಟೇ.

ಹೋರಿಕರುವಿನ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ತಳಿಗೆ ಬೇಕಾದ್ದು ಒಂದೋ ಎರಡೋ, ಗದ್ದೆ ಉಳಲು ಈಗ ಟಿಲ್ಲರ್ ಇದೆ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ಮೇಲೆ ಅವುಗಳಿಗೆ ಕೊಳ್ಳುವವರೂ ಇಲ್ಲ. ಉಳಿದವನ್ನು ಹದಿನೈದು ಇಪ್ಪತ್ತು ವರ್ಷ ಸಾಕುವ ಜಾಗ, ಮೇವು ನಿಮ್ಮಲ್ಲಿದೆಯೇ ಎಂದು ಈಗಲೇ ಯೋಚಿಸಿ. ಬೀದಿಗೆ ಬಿಡುವವರು ದನ ಸಾಕಬಾರದು. ಬೀಜ ಒಡೆಸಿದ ಹೋರಿಯೂ ಸಗಣಿ ಹಾಕುತ್ತದೆ, ತೋಟ ಇದ್ದವರಿಗೆ ಅದು ದಂಡವಲ್ಲ. ಇದೇ ಕಾರಣಕ್ಕೆ ನಾಲ್ಕರ ಬದಲು ಎರಡು ಹಸುವಿನಿಂದ ಶುರುಮಾಡಿ ಅಂತ ನನ್ನ ಸಲಹೆ.

ಉಣ್ಣೆಯ ಬಗ್ಗೆ ಎಚ್ಚರ ಇರಲಿ. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ. ಕಾಡಿನಲ್ಲಿ ಮೇದು ಬಂದ ದನದ ಮೈಯಲ್ಲಿ ಉಣ್ಣೆ ಬರುತ್ತದೆ. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಕಾಡಂಚಿಗೆ ಬಿಡದೆ ಮನೆಯ ಬ್ಯಾಣದಲ್ಲೇ (ಹುಲ್ಲುಗಾವಲಿನಲ್ಲೇ) ಮೇಯಿಸಿ, ಕಾಡಿನ ದರಗು ತರುವುದನ್ನು ಆ ತಿಂಗಳುಗಳಲ್ಲಿ ನಿಲ್ಲಿಸಿ. ಕಾಲುಬಾಯಿ ರೋಗದ ಲಸಿಕೆ ಆರು ತಿಂಗಳಿಗೊಮ್ಮೆ, ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆ ಒಮ್ಮೆ. ಗಿಡ್ಡಕ್ಕೆ ರೋಗವೇ ಬರುವುದಿಲ್ಲ ಎನ್ನುವವರ ಮಾತು ನಂಬಬೇಡಿ. ಚರ್ಮಗಂಟು ರೋಗ ಬಂದ ವರ್ಷ ನಮ್ಮ ಊರಲ್ಲಿ ಗಿಡ್ಡಗಳೂ ಮಲಗಿದವು.

ಹಸು ನೋಡಲು ಆಷಾಢದಲ್ಲಿ ಹೋಗಿ. ಬೇಸಿಗೆಯಲ್ಲಿ ಎಲ್ಲ ಕೊಟ್ಟಿಗೆಯೂ ಚೆನ್ನಾಗಿಯೇ ಕಾಣುತ್ತದೆ. ಎರಡನೇ ಕರು ಹಾಕಿದ ಹಸುವನ್ನು ಕರುವಿನ ಜೊತೆಗೇ ತನ್ನಿ, ಮಾರುವವರ ಎದುರು ನೀವೇ ಕೂತು ಒಮ್ಮೆ ಕರೆದು ನೋಡಿ. ಗಿಡ್ಡ ಹಸು ಗುರುತಿಲ್ಲದ ಕೈಗೆ ಬೇಗ ಹಾಲಿಳಿಸುವುದಿಲ್ಲ, ಒದೆಯುವುದೂ ಉಂಟು, ಒಂದೆರಡು ದಿನ ಅವರ ಮನೆಯಲ್ಲೇ ಉಳಿದು ಕೈ ಪಳಗಿಸಿಕೊಂಡರೆ ಇನ್ನೂ ಒಳ್ಳೆಯದು. ಹೊರಡುವ ಮೊದಲು ಆ ಕರುವಿನ ತಂದೆ ಯಾವ ಮನೆಯ ಹೋರಿ ಅಂತ ಕೇಳಿ, ಹೋಗಿ ಅದನ್ನೂ ನೋಡಿ ಬನ್ನಿ.