ಅಪ್ಪನ ಸಹಿ ಮಗನೇ ಹಾಕಿದ್ದಾನೆ, ಏನು ಮಾಡಲಿ?

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ಮಗ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ. ಎಸ್‌ಎ–1ರಲ್ಲಿ, ಅಂದ್ರೆ ಅರ್ಧ ವರ್ಷದ ಪರೀಕ್ಷೆಯಲ್ಲಿ, ಗಣಿತಕ್ಕೆ ಸಿ ಗ್ರೇಡ್ ಬಂದಿದೆ. ಪ್ರಗತಿ ಪತ್ರ ನಮಗೆ ತೋರಿಸಲೇ ಇಲ್ಲ, ಅಪ್ಪನ ಸಹಿ ತಾನೇ ಹಾಕಿದ್ದಾನೆ. ಬ್ಯಾಗ್ ತೊಳೆಯಲು ತೆಗೆದಾಗ ಸಿಕ್ಕಿತು. ನಮ್ಮ ಯಜಮಾನರು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡ್ತಾರೆ. ಗೊತ್ತಾದರೆ ಹೊಡೀತಾರೆ. ಹೇಳಲಾ, ಮುಚ್ಚಿಡಲಾ?
— ಒಬ್ಬ ತಾಯಿ, ಸಿಂಧನೂರು

ಉತ್ತರ: ತಂಗಿ, ಮುಚ್ಚಿಡಬೇಡಿ. ಆದರೆ ಇವತ್ತೇ ಹೇಳಬೇಕು ಅಂತೇನೂ ಇಲ್ಲ.

ನಾನು ಹಳ್ಳಿ ಶಾಲೆಯಲ್ಲಿ ಗಣಿತ ಕಲಿಸಿದವಳು. ಒಬ್ಬ ಹುಡುಗಿ ಕಾರ್ಡನ್ನು ಎಂಟು ಮಡಿಕೆ ಮಾಡಿ ಲಂಗದ ಜೇಬಿನಲ್ಲಿಟ್ಟುಕೊಂಡು ಮೂರು ದಿನ ಓಡಾಡಿದ್ದಳು. ನನ್ನ ಕೈಗೆ ಬರುವಷ್ಟರಲ್ಲಿ ಮಡಿಕೆಗಳು ಹರಿದಿದ್ದವು. ಬೆವರಿಗೆ ಮಸಿ ಹರಡಿ ಅಂಕವೇ ಕಾಣ್ತಿರಲಿಲ್ಲ. ಅವಳನ್ನು ಬೈದುಬಿಟ್ಟೆ. ಆ ಮಗು ಎಷ್ಟು ಹೆದರಿತ್ತು ಅಂತ ಕೇಳಲೇ ಇಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತೆ. ನಿಮ್ಮ ಮಗನೂ ಹೆದರಿದ್ದಾನೆ, ಅಷ್ಟೇ.

ಮೊದಲು ಗಣಿತದ ಉತ್ತರ ಪತ್ರಿಕೆ ತರಿಸಿ ನೋಡಿ. ಸಿ ಅಂದ್ರೆ ನೂರಕ್ಕೆ 30ಕ್ಕಿಂತ ಕಡಿಮೆ ಅಂತ ಗೊತ್ತಾಗುತ್ತೆ, ಎಲ್ಲಿ ತಪ್ಪಿದ ಅಂತ ಗೊತ್ತಾಗೋದಿಲ್ಲ. ಈ ವಯಸ್ಸಿನ ಮಕ್ಕಳು ಜಾಸ್ತಿ ಎಡವೋದು ಭಿನ್ನರಾಶಿಯಲ್ಲಿ. 1/2ಕ್ಕೆ 1/3 ಕೂಡಿಸು ಅಂದ್ರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಬರೆದುಬಿಡ್ತಾರೆ. ಅವನೂ ಹಾಗೆ ಬರೆದಿದ್ದರೆ ಒಂದು ರೊಟ್ಟಿ ತೊಗೊಳ್ಳಿ. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆ ಆಗುತ್ತಾ ಅಂತ ಕೇಳಿ. ಆಮೇಲೆ ಅವನ ಕೈಯಲ್ಲೇ ರೊಟ್ಟಿಯನ್ನು ಸಮನಾಗಿ ಆರು ತುಂಡು ಮಾಡಿಸಿ. ಅರ್ಧ ಅಂದ್ರೆ ಮೂರು ತುಂಡು. ಮೂರನೇ ಒಂದು ಭಾಗ ಅಂದ್ರೆ ಎರಡು. ಒಟ್ಟು ಐದು, ಅಂದ್ರೆ 5/6. ಕಣ್ಣಾರೆ ಕಂಡ ಮೇಲೆ ಮಕ್ಕಳು ಸುಲಭಕ್ಕೆ ಮರೆಯೋದಿಲ್ಲ.

ವರ್ಷವೂ ಮುಗಿದಿಲ್ಲ. ವರ್ಷದ ಲೆಕ್ಕದಲ್ಲಿ ಎಸ್‌ಎ–1ಕ್ಕೆ 20 ಅಂಕ. ಎಫ್‌ಎ–3, ಎಫ್‌ಎ–4 ಅನ್ನೋ ಕಿರು ಪರೀಕ್ಷೆಗಳು, ವರ್ಷದ ಕೊನೆಯ ಎಸ್‌ಎ–2 ಸೇರಿ ಇನ್ನೂ 50 ಅಂಕ ಮುಂದಿವೆ.

ಇನ್ನು ಯಜಮಾನರು. ಚೀಲ ಹೊತ್ತು ಬಂದು ಕೂತ ತಕ್ಷಣ ಹೇಳಬೇಡಿ. ಸ್ನಾನ, ಊಟ ಆಗಲಿ. ಸಿಟ್ಟಿನಲ್ಲಿದ್ದರೆ ಆ ರಾತ್ರಿ ಬಿಟ್ಟುಬಿಡಿ, ಕಾರ್ಡ್ ಒಂದು ದಿನ ತಡವಾದರೆ ಏನೂ ಆಗೋದಿಲ್ಲ. ಮೊದಲು ನೀವೊಬ್ಬರೇ ಮಾತಾಡಿ. "ಹೊಡೆದರೆ ಮುಂದಿನ ಕಾರ್ಡೂ ನಮ್ಮ ಕಣ್ಣಿಗೆ ಬೀಳೋದಿಲ್ಲ" ಅನ್ನಿ. ಮಗ ತನ್ನ ಹಾಗೆ ಚೀಲ ಹೊರಬಾರದು ಅಂತ ಅವರಿಗೆ ಒಳಗೇ ಸಂಕಟ ಇರುತ್ತೆ, ಅಲ್ವಾ? ಅದನ್ನೇ ಮಗನಿಗೆ ಬಾಯಿಬಿಟ್ಟು ಹೇಳಲಿ. ಸಹಿಯ ವಿಷಯ ಮಗನೇ ಹೇಳಬೇಕು, ನೀವು ಪಕ್ಕದಲ್ಲಿ ಕೂತಿರಿ. ಪಕ್ಕದ ಮನೆ ಹುಡುಗನ ಅಂಕ ಮಾತ್ರ ಎತ್ತಲೇಬೇಡಿ.

ಹುಡುಗ ಊಟ ಬಿಟ್ಟರೆ, ನಿದ್ದೆ ಮಾಡದಿದ್ದರೆ, ಸಾಯೋ ಮಾತಾಡಿದರೆ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಯಜಮಾನರಿಗೆ ಹೇಳಿದ ಮರುದಿನ ನೀವೇ ಮಗನ ಜೊತೆ ಶಾಲೆಗೆ ಹೋಗಿ ಕ್ಲಾಸ್ ಟೀಚರಿಗೆ ಇದ್ದದ್ದನ್ನು ಹೇಳಿ. ಅವನು ಹಾಕಿದ ಸಹಿಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಅವನ ಅಪ್ಪನ ಕೈಯಲ್ಲಿ ಸಹಿ ಹಾಕಿಸಿರಿ.