ಜಾಗದ ವ್ಯವಹಾರದಲ್ಲಿ ಮಾತಿಗೆ ಬೆಲೆ ಬರುವುದು ಹೇಗೆ?

ಪ್ರಶ್ನೆ: ನಾನು ಉಡುಪಿ ಸಮೀಪದವನು. ಹಲವು ವರ್ಷ ದುಬೈಯಲ್ಲಿ ಕೆಲಸ ಮಾಡಿ ಈಗ ಊರಿಗೆ ಮರಳಿದ್ದೇನೆ. ಉಳಿತಾಯದ ಹಣದಲ್ಲಿ ಮಣಿಪಾಲದ ಬಳಿ ಒಂದು ಫ್ಲ್ಯಾಟ್, ಕಾಪು ಕಡೆ ಹತ್ತು ಸೆಂಟ್ಸ್ ಜಾಗ ಖರೀದಿಸಿದ್ದೇನೆ. ಮಂಗಳೂರು, ಉಡುಪಿ ಭಾಗದ ಹೂಡಿಕೆದಾರರ ಬಳಗವೊಂದಕ್ಕೆ ಸೇರಿಕೊಂಡಿದ್ದೇನೆ. ಅದರಲ್ಲಿ ಅನುಭವಿ ಹೂಡಿಕೆದಾರರು, ಬ್ರೋಕರ್‌ಗಳು, ಬಿಲ್ಡರ್‌ಗಳು, ವಕೀಲರು ಇದ್ದಾರೆ. ಆದರೆ ಅಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಒಳ್ಳೆಯ ಜಾಗದ ಸುದ್ದಿ ನನ್ನವರೆಗೆ ಬರುವಷ್ಟರಲ್ಲಿ ಬೇರೆಯವರ ಅಗ್ರಿಮೆಂಟ್ ಆಗಿರುತ್ತದೆ. ಎಲ್ಲ ಚರ್ಚೆಗಳಲ್ಲೂ ಮಾತನಾಡಿ ಗುರುತಿಸಿಕೊಳ್ಳಬೇಕೇ? ಅಥವಾ ದೊಡ್ಡದೊಂದು ವ್ಯವಹಾರ ಮಾಡಿ ತೋರಿಸಿದ ಮೇಲೆಯೇ ಗೌರವ ಸಿಗುವುದೇ?
(ಹೆಸರು ಬೇಡ, ಉಡುಪಿ ಜಿಲ್ಲೆ)

ಉತ್ತರ: ನೀವು ಹೇಳಿದ ಎರಡೂ ದಾರಿಗಳು ನಿಮ್ಮನ್ನು ಪರಿಚಿತರನ್ನಾಗಿ ಮಾಡಬಹುದೇ ಹೊರತು ನಂಬಿಕಸ್ಥರನ್ನಾಗಿ ಮಾಡುವುದಿಲ್ಲ. ಜಾಗದ ವ್ಯವಹಾರ ಮಾಡುವವರು ಒಬ್ಬರನ್ನು ಅಳೆಯುವುದು ಬಹಳ ಸರಳವಾದ ರೀತಿಯಲ್ಲಿ: ಈತ ಹೇಳಿದ್ದನ್ನು ನಾನು ಪಹಣಿ ತೆಗೆದು, ಜಾಗಕ್ಕೆ ಹೋಗಿ, ವಕೀಲರಿಗೆ ತೋರಿಸಿ ಪರಿಶೀಲಿಸಿದಾಗ ಅದು ಹೇಳಿದಂತೆಯೇ ಇತ್ತೇ, ಇಲ್ಲವೇ? ಕೆಲವು ಸಲ ಹೀಗೆ ನಿಮ್ಮ ಮಾತು ಸರಿಯೆಂದು ಕಂಡುಬಂದರೆ, ನೀವು ಕೋಟಿಯ ವ್ಯವಹಾರ ಮಾಡಿರದಿದ್ದರೂ ನಿಮ್ಮನ್ನು ಕೇಳಿ ಮುಂದುವರಿಯುವವರು ಹುಟ್ಟಿಕೊಳ್ಳುತ್ತಾರೆ. ಆದ್ದರಿಂದ ಯಾವ ವಿಷಯದಲ್ಲಿ ನಿಖರವಾಗಿರಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ನೀವು ಕೇಳುವ ಪ್ರಶ್ನೆಗಳು. "ಪಡುಬಿದ್ರಿಯಲ್ಲಿ ರೇಟ್ ಏರಬಹುದೇ?" ಎಂದು ಕೇಳುವವನಿಗೆ ಅನುಭವಿಗಳು ಉತ್ತರಿಸದಿರುವುದು ಅಹಂಕಾರದಿಂದಲ್ಲ, ಅದಕ್ಕೆ ಜವಾಬ್ದಾರಿಯಿಂದ ಉತ್ತರಿಸಲು ಸಾಧ್ಯವಿಲ್ಲ ಎಂಬ ಕಾರಣದಿಂದ. ಅದೇ ವ್ಯಕ್ತಿ, "ಜಾಗ ಕೃಷಿಯೇತರವಾಗಿ ಪರಿವರ್ತಿತವಾಗಿದೆ, ಆದರೆ ಏಕ ನಿವೇಶನ ನಕ್ಷೆಗೆ ಇನ್ನೂ ಅನುಮೋದನೆ ಆಗಿಲ್ಲ, ಪಂಚಾಯತಿನ 9/11 (ನಮೂನೆ 9 ಮತ್ತು 11ರ ಖಾತಾ ದಾಖಲೆ) ಇಲ್ಲದೆ ಕ್ರಯಕ್ಕೆ ಮುಂದಾಗಬಹುದೇ? ಇಂತಿಷ್ಟು ದಾಖಲೆಗಳನ್ನು ನಾನು ನೋಡಿದ್ದೇನೆ" ಎಂದು ಕೇಳಿದರೆ, ಉತ್ತರಿಸಲು ಮೂವರು ಮುಂದೆ ಬರುತ್ತಾರೆ. ಪ್ರಶ್ನೆಯ ಹಿಂದೆ ಶ್ರಮವಿದೆ ಎಂಬುದು ಅವರಿಗೆ ಕಾಣುತ್ತದೆ. ಉತ್ತರ ಸಿಕ್ಕ ಮೇಲೆ ಮುಂದೆ ಏನಾಯಿತು ಎಂಬುದನ್ನು ಬಂದು ತಿಳಿಸುವುದನ್ನು ಹೆಚ್ಚಿನವರು ಮರೆಯುತ್ತಾರೆ, ನೀವು ಮರೆಯಬೇಡಿ. ಸಲಹೆ ಕೊಟ್ಟ ಹಿರಿಯರಿಗೆ ಅದು ಸಲ್ಲಬೇಕಾದ ಮರ್ಯಾದೆ, ಬಳಗದ ಉಳಿದವರಿಗೆ ಅದು ಉಪಯುಕ್ತ ಮಾಹಿತಿ.

ಎರಡನೆಯ ವಿಷಯವೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು: ಜಾಗದ ದೋಷವನ್ನು ಮೊದಲು ಹೇಳುವವರಾಗಿ. ನಮ್ಮ ಕರಾವಳಿಯ ಜಾಗಗಳಿಗೆ ಅವುಗಳದ್ದೇ ಆದ ತೊಡಕುಗಳಿವೆ, ಮತ್ತು ಅವು ಬೆಂಗಳೂರಿನ ಅನುಭವದಿಂದ ಅರ್ಥವಾಗುವಂಥವಲ್ಲ. "ಇಪ್ಪತ್ತು ಸೆಂಟ್ಸ್ ವರ್ಗ (ಸ್ವಂತ ಪಟ್ಟಾ) ಜಾಗ, ಜೊತೆಗೆ ಮೂವತ್ತು ಸೆಂಟ್ಸ್ ಕುಮ್ಕಿ" ಎಂದು ಮಾರಾಟಕ್ಕೆ ಬಂದಾಗ, ಕುಮ್ಕಿ ಸರಕಾರಿ ಜಾಗ, ವರ್ಗದಾರನಿಗೆ ಅದರಲ್ಲಿ ಇರುವುದು ಸೊಪ್ಪು, ಸೌದೆಯಂತಹ ಕೆಲವು ಸವಲತ್ತುಗಳು ಮಾತ್ರ, ಅದಕ್ಕೆ ಕ್ರಯಪತ್ರ ಮಾಡಿಕೊಳ್ಳಲಾಗದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ದರ್ಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರಕಾರದಿಂದ ಮಂಜೂರಾದ ಜಾಗವಾದರೆ ಪರಭಾರೆ ನಿಷೇಧದ ಅವಧಿ ಮುಗಿದಿದೆಯೇ ಎಂದು ನೋಡಬೇಕು. ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಾಗವಾಗಿದ್ದರೆ ಅಂತಹ ಜಾಗದ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯವಾಗುತ್ತದೆ; ಸರಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಾಗುವುದಿಲ್ಲ. 2023ರ ತಿದ್ದುಪಡಿಯ ನಂತರ, ಬಹಳ ವರ್ಷ ಕಳೆದಿದೆ ಎಂಬ ಕಾರಣವನ್ನೇ ನಂಬಿ ಕೂರುವಂತೆಯೂ ಇಲ್ಲ. ಹಳೆಯ ಪೇಟೆಯೊಳಗಿನ ಜಾಗ ಮೂಲಗೇಣಿಯದೇ (ಕಾಯಂ ಗೇಣಿ), ಮೂಲಿ ಹಕ್ಕಿನದೇ (ಪೂರ್ಣ ಒಡೆತನ) ಎಂಬುದನ್ನು ಕೇಳದೆ ದರ ಮಾತನಾಡುವುದು ಅರ್ಥವಿಲ್ಲದ ಕೆಲಸ.

ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಪಡೆದು "ಇಸಿ ಕ್ಲೀನ್ ಇದೆ" ಎಂದು ಘೋಷಿಸುವವರು ಬಹಳ ಮಂದಿ. ಅದು ನೋಂದಣಿಯಾದ ವ್ಯವಹಾರಗಳನ್ನು ತೋರಿಸುತ್ತದೆಯೇ ಹೊರತು ಕುಟುಂಬದೊಳಗೆ ಬಾಯಿಮಾತಿನಲ್ಲಿ ಆದ ಪಾಲನ್ನಾಗಲಿ, ಮುಂಬಯಿಯಲ್ಲಿ ನೆಲೆಸಿ ವರ್ಷಗಳಿಂದ ಊರಿಗೆ ಬಾರದ ಸಹೋದರಿಯ ಹಕ್ಕನ್ನಾಗಲಿ ತೋರಿಸುವುದಿಲ್ಲ. ನ್ಯಾಯಾಲಯದಲ್ಲಿ ಬಾಕಿಯಿರುವ ದಾವೆಯೂ ಅದರಲ್ಲಿ ಕಾಣಿಸದಿರಬಹುದು. ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿ) ಹಿನ್ನೆಲೆಯ ಕುಟುಂಬಗಳ ಆಸ್ತಿಯಲ್ಲಿ ಪಾಲುಪಟ್ಟಿಯನ್ನು ತಲೆಮಾರುಗಳ ಹಿಂದಿನಿಂದ ಓದಿಕೊಂಡು ಬರದೆ ಯಾರ ಸಹಿ ಬೇಕೆಂದು ಹೇಳಲು ಬರುವುದಿಲ್ಲ. ಇಂತಹ ಜಾಗವೊಂದರ ಬಗ್ಗೆ ನೀವು, "ಋಣಭಾರ ಪತ್ರ ನೋಡಿದ್ದೇನೆ, ವಂಶವೃಕ್ಷ ನೋಡಿಲ್ಲ" ಎಂದು ಹೇಳಿದರೆ ಸಾಕು. ನೋಡಿದ್ದೆಷ್ಟು, ನೋಡದಿರುವುದೆಷ್ಟು ಎಂಬ ಗೆರೆಯನ್ನು ನೀವೇ ಎಳೆದು ತೋರಿಸಿದಾಗ ಕೇಳುವವನಿಗೆ ನಿಮ್ಮ ಉಳಿದ ಮಾತಿನ ಮೇಲೂ ಭರವಸೆ ಬರುತ್ತದೆ.

ಕಾಗದ ಹೇಳದ್ದನ್ನು ನೆಲ ಹೇಳುತ್ತದೆ. ತುಳುನಾಡಿನ ಹಿರಿಯರು ಗದ್ದೆಯನ್ನು ಬಯಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದು ನೀರಿನ ನೆಲೆಯನ್ನು ಗಮನಿಸಿ. ಕೆಳಗಿನ ಬಯಲು ಗದ್ದೆಗೆ ಮಣ್ಣು ತುಂಬಿಸಿ ನಿವೇಶನ ಮಾಡಿದರೂ ಮಳೆಗಾಲದ ನೀರು ತನ್ನ ದಾರಿಯನ್ನು ಹುಡುಕಿಕೊಂಡು ಬರುತ್ತದೆ. ಜನವರಿಯಲ್ಲಿ ಜಾಗ ನೋಡಿದವನಿಗೆ ಇದು ತಿಳಿಯುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೊಮ್ಮೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು, ಮೇ ತಿಂಗಳಲ್ಲಿ ನೆರೆಮನೆಯ ಬಾವಿಗೆ ಇಣುಕಿ ನೀರಿದೆಯೇ, ಇದ್ದರೆ ಉಪ್ಪಿದೆಯೇ ಎಂದು ಕೇಳುವುದು, ಇವನ್ನು ಮಾಡುವ ಹೂಡಿಕೆದಾರರು ಕಡಿಮೆ. ಸ್ವರ್ಣಾ, ಸೀತಾ, ನೇತ್ರಾವತಿ, ಫಲ್ಗುಣಿ ನದಿಗಳ ಬದಿಯ ಜಾಗಕ್ಕೂ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಝಡ್ ಅನ್ವಯವಾಗಬಹುದು ಎಂಬುದು ಕಡಲ ಬದಿಯ ಜಾಗವನ್ನಷ್ಟೇ ಯೋಚಿಸುವವರಿಗೆ ಹೊಳೆಯುವುದಿಲ್ಲ; ಉಬ್ಬರವಿಳಿತದ ಪ್ರಭಾವ ಇರುವಷ್ಟು ದೂರ ಅದರ ವ್ಯಾಪ್ತಿ ಇದೆ. ಜಾಗದೊಳಗೆ ನಾಗಬನ ಅಥವಾ ದೈವದ ಕಟ್ಟೆ ಇದ್ದರೆ, ಕುಟುಂಬದವರು ವರ್ಷಕ್ಕೊಮ್ಮೆ ತಂಬಿಲ ಸೇವೆಗೆ ಬರುವ ದಾರಿ ಯಾವುದು ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ಇದನ್ನು ಮುಚ್ಚಿಟ್ಟು ಮಾರಿದವನ ಹೆಸರು ಈ ಎರಡು ಜಿಲ್ಲೆಗಳಲ್ಲಿ ಎಷ್ಟು ಬೇಗ ಕೆಡುತ್ತದೆ ಎಂಬುದನ್ನು ನಾನು ನೋಡಿ ಬಲ್ಲೆ. ಖರೀದಿದಾರರು ಅದನ್ನು ಹಣದ ನಷ್ಟವೆಂದಷ್ಟೇ ಎಣಿಸುವುದಿಲ್ಲ.

ಲಾಭದ ಬಗ್ಗೆ ಮಾತನಾಡುವಾಗ ಪೂರ್ಣ ಲೆಕ್ಕವನ್ನು ಹೇಳಿ. ಉದಾಹರಣೆಗೆ, 20 ಲಕ್ಷ ರೂಪಾಯಿಗೆ ಕೊಂಡ ಜಾಗ ಐದು ವರ್ಷಗಳ ನಂತರ 26 ಲಕ್ಷಕ್ಕೆ ಹೋದರೆ "ಶೇ 30 ಲಾಭ" ಎಂದು ಹೇಳುವುದುಂಟು. ವಾರ್ಷಿಕ ಚಕ್ರಬಡ್ಡಿಯ ಲೆಕ್ಕದಲ್ಲಿ ಅದು ಶೇ 5.4 ಮಾತ್ರ. ಮುದ್ರಾಂಕ ಶುಲ್ಕ, ನೋಂದಣಿ, ಬ್ರೋಕರೇಜ್ ಸೇರಿ ಒಂದೂವರೆ ಲಕ್ಷ, ಮುರಕಲ್ಲಿನ ಕಂಪೌಂಡು ಮತ್ತು ವರ್ಷವರ್ಷದ ಪೊದೆ ಸವರುವ ಖರ್ಚು ಒಂದು ಲಕ್ಷ ಎಂದಿಟ್ಟುಕೊಂಡರೆ ಹಾಕಿದ ಹಣ 22.5 ಲಕ್ಷವಾಗುತ್ತದೆ, ಲಾಭ ವರ್ಷಕ್ಕೆ ಶೇ 3ಕ್ಕಿಂತಲೂ ಕಡಿಮೆಯಾಗುತ್ತದೆ. ಬ್ಯಾಂಕಿನ ಠೇವಣಿಯೇ ಇದಕ್ಕಿಂತ ಹೆಚ್ಚು ಕೊಡುತ್ತಿತ್ತು ಎಂಬ ಸತ್ಯವನ್ನು ನಿಮ್ಮ ಸ್ವಂತ ಜಾಗದ ಬಗ್ಗೆಯೇ ಹೇಳುವ ಧೈರ್ಯ ನಿಮಗಿದ್ದರೆ, ಲಾಭವಾದಾಗ ನೀವು ಹೇಳುವ ಅಂಕಿಯನ್ನೂ ಜನ ನಂಬುತ್ತಾರೆ. ಮಣಿಪಾಲದ ಫ್ಲ್ಯಾಟಿನ ಬಾಡಿಗೆಯ ವಿಷಯದಲ್ಲಿಯೂ ಹಾಗೆಯೇ: ವಿದ್ಯಾರ್ಥಿಗಳು ಖಾಲಿ ಮಾಡಿಹೋದ ತಿಂಗಳುಗಳನ್ನು, ನಿರ್ವಹಣಾ ಶುಲ್ಕವನ್ನು, ಬಣ್ಣ ಬಳಿಸಿದ ಖರ್ಚನ್ನು ಕಳೆದು ಉಳಿದದ್ದನ್ನು ಹೇಳಿ.

ನಿಮ್ಮ ಹಿತಾಸಕ್ತಿಯನ್ನು ಮರೆಮಾಡಬೇಡಿ. ನೀವು ಹೊಗಳುತ್ತಿರುವ ಜಾಗದ ಪಕ್ಕದಲ್ಲಿ ನಿಮ್ಮದೇ ಹತ್ತು ಸೆಂಟ್ಸ್ ಇದ್ದರೆ, ಅಥವಾ ಮಾರುವವರು ನಿಮ್ಮ ಭಾವನವರಾಗಿದ್ದರೆ, ಆ ಮಾತು ಮೊದಲು ಬರಲಿ. ಕಮಿಷನ್ ಸಿಗುವುದಿದ್ದರೆ ಅದನ್ನು ಹೇಳುವುದು ಸೌಜನ್ಯ ಮಾತ್ರವಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಾದ ಯೋಜನೆಗಳಲ್ಲಿ ಮಾರಾಟಕ್ಕೆ ಮಧ್ಯವರ್ತಿಯಾಗುವವರು ಸ್ವತಃ ಏಜೆಂಟರಾಗಿ ನೋಂದಾಯಿಸಿಕೊಂಡಿರಬೇಕೆಂದು 2016ರ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಸ್ನೇಹಿತನಂತೆ ಸಲಹೆ ಕೊಟ್ಟು ಹಿಂದಿನಿಂದ ಬಿಲ್ಡರನಿಂದ ಹಣ ಪಡೆಯುವವರು ಹೆಚ್ಚು ಕಾಲ ಗೌರವ ಉಳಿಸಿಕೊಳ್ಳುವುದಿಲ್ಲ.

ಒಳ್ಳೆಯ ಜಾಗದ ಸುದ್ದಿ ನಿಮಗೆ ತಡವಾಗಿ ತಲುಪುತ್ತಿದೆ ಎಂದಿದ್ದೀರಿ. ಅದರ ಕಾರಣವನ್ನು ಬಳಗದೊಳಗಿಗಿಂತ ಹೊರಗೆ ಹುಡುಕಿ. ಜಾಗ ಮಾರುವ ಮನೆಯವರು ಮತ್ತು ಬ್ರೋಕರ್ ಮೊದಲು ಫೋನ್ ಮಾಡುವುದು, ಹಿಂದೆ ಮಾತು ಉಳಿಸಿಕೊಂಡವರಿಗೆ. ದರ ನಿಗದಿಯಾದ ಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ನಿಂತು ಮತ್ತೆ ಚೌಕಾಶಿಗಿಳಿಯುವವನನ್ನು ಅವರು ಮರೆಯುವುದಿಲ್ಲ. ಮುಂಗಡ ಕೊಟ್ಟು ಆರು ತಿಂಗಳು ಎಳೆದು, ಅಷ್ಟರಲ್ಲಿ ಅದೇ ಅಗ್ರಿಮೆಂಟನ್ನು ಇನ್ನೊಬ್ಬರಿಗೆ ಹೆಚ್ಚಿನ ದರಕ್ಕೆ ದಾಟಿಸಲು ಓಡಾಡುವವನನ್ನೂ ಮರೆಯುವುದಿಲ್ಲ. ಬ್ರೋಕರ್ ತೋರಿಸಿದ ಜಾಗಕ್ಕೆ ಅವರನ್ನು ಬಿಟ್ಟು ನೇರವಾಗಿ ಹೋಗುವುದು ಕೆಲವು ಸಾವಿರ ಉಳಿಸಬಹುದು, ಆದರೆ ಮುಂದಿನ ಹತ್ತು ಜಾಗಗಳ ಸುದ್ದಿಯನ್ನು ಕಳೆದುಕೊಳ್ಳುವಂತೆ ಮಾಡುತ್ತದೆ. ಮನೆಯ ಹಿರಿಯಮ್ಮ ಸಹಿಗೆ ಹಿಂದೇಟು ಹಾಕಿದರೆ ಒತ್ತಡ ಹೇರದೆ ಕಾಯಿರಿ. ಮಗನ ಸಾಲದ ಅವಸರವನ್ನು ನೋಡಿ ದರ ಇಳಿಸುವವನಿಗೆ ಜಾಗ ಸಿಗಬಹುದು, ಊರಿನ ಮರ್ಯಾದೆ ಸಿಗುವುದಿಲ್ಲ. ಯಾರೋ ನಂಬಿ ಕೊಟ್ಟ ಪಹಣಿಯ ಪ್ರತಿಯನ್ನು, ಫೋನ್ ನಂಬರನ್ನು ಅವರ ಒಪ್ಪಿಗೆಯಿಲ್ಲದೆ ಬಳಗದಲ್ಲಿ ಹಂಚಬೇಡಿ.

ಇತರರ ಜಾಗದಲ್ಲಿ ದೋಷ ಕಂಡಾಗ ಮೊದಲು ಅವರಿಗೇ ಖಾಸಗಿಯಾಗಿ ಹೇಳಿ, ದಾಖಲೆಯನ್ನು ಮುಂದಿಟ್ಟು ಹೇಳಿ. ಅವರು ತಿದ್ದಿಕೊಳ್ಳದೆ ಮಾರಾಟ ಮುಂದುವರಿಸಿದರೆ, ಆಗ ಬಳಗದ ಮುಂದೆ ಹೇಳುವುದು ನಿಮ್ಮ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ. ಒಬ್ಬ ಶಿಕ್ಷಕಿಯ ನಿವೃತ್ತಿಯ ಹಣ ಅಲ್ಲಿ ಸಿಕ್ಕಿಕೊಳ್ಳುವುದಕ್ಕಿಂತ ಒಬ್ಬ ಬ್ರೋಕರನ ಅಸಮಾಧಾನ ಸಣ್ಣದು.

ಪ್ರಶ್ನೆ: ನಾನು ಸುರತ್ಕಲ್‌ನವಳು. ಕೆಲವು ವರ್ಷಗಳಿಂದ ಜಾಗದಲ್ಲಿ ಹೂಡಿಕೆ ಮಾಡುತ್ತಿದ್ದೇನೆ, ದೇವರ ದಯದಿಂದ ಒಳ್ಳೆಯ ಹೆಸರಿದೆ. ಈಗ ಪರಿಚಿತರು, ಸಂಬಂಧಿಕರು "ನಮ್ಮ ಹಣವನ್ನೂ ನೀವೇ ಹಾಕಿ, ಜಾಗ ನಿಮ್ಮ ಹೆಸರಿನಲ್ಲೇ ಇರಲಿ, ಮಾರಿದಾಗ ಪಾಲು ಕೊಡಿ" ಎನ್ನುತ್ತಿದ್ದಾರೆ. ಒಪ್ಪದಿದ್ದರೆ ನಿಷ್ಠುರವಾಗುತ್ತದೆ. ಏನು ಮಾಡಲಿ?
(ಓದುಗಿ, ಮಂಗಳೂರು ತಾಲೂಕು)

ಉತ್ತರ: ಆ ರೂಪದಲ್ಲಿ ಒಪ್ಪಬೇಡಿ, ನಿಷ್ಠುರವಾದರೂ ಚಿಂತೆಯಿಲ್ಲ. ಹಣ ಒಬ್ಬರದು, ಕ್ರಯಪತ್ರ ಇನ್ನೊಬ್ಬರ ಹೆಸರಿನಲ್ಲಿ ಎಂಬುದು ಬೇನಾಮಿ ವ್ಯವಹಾರವೆನಿಸಿಕೊಳ್ಳುವ ಅಪಾಯವಿದೆ. ಗಂಡ, ಹೆಂಡತಿ, ಮಕ್ಕಳ ಹೆಸರಿನಲ್ಲಿ ಕೊಳ್ಳುವಂತಹ ಕೆಲವು ವಿನಾಯಿತಿಗಳನ್ನು ಕಾಯ್ದೆ ಕೊಟ್ಟಿದೆ, ಆದರೆ ಪರಿಚಿತರ ಹಣಕ್ಕೆ ಆ ರಕ್ಷಣೆ ಇಲ್ಲ. 2016ರ ತಿದ್ದುಪಡಿಯ ಬಳಿಕ ಶಿಕ್ಷೆ ಒಂದರಿಂದ ಏಳು ವರ್ಷಗಳ ಕಠಿಣ ಸಜೆ ಮತ್ತು ಆಸ್ತಿಯ ಮಾರುಕಟ್ಟೆ ಮೌಲ್ಯದ ಶೇ 25ರವರೆಗೆ ದಂಡ. ಜಾಗವೂ ಸರಕಾರದ ಪಾಲಾಗುತ್ತದೆ. ಇಂತಿಷ್ಟು ಲಾಭ ಖಂಡಿತ ಎಂದು ಮಾತು ಕೊಟ್ಟು ಹಲವರಿಂದ ಹಣ ಸಂಗ್ರಹಿಸಿದರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ವ್ಯಾಪ್ತಿಗೂ ಬರಬಹುದು.

ಜೊತೆಯಾಗಿ ಹೂಡಲೇಬೇಕೆಂದಿದ್ದರೆ ಸಣ್ಣ ಗುಂಪಾಗಿ, ಹಣ ಹಾಕಿದ ಪ್ರತಿಯೊಬ್ಬರ ಹೆಸರೂ ಪಾಲಿನ ಪ್ರಮಾಣದೊಂದಿಗೆ ಕ್ರಯಪತ್ರದಲ್ಲಿ ಬರುವಂತೆ ಕೊಂಡುಕೊಳ್ಳಿ. ಹಣವೆಲ್ಲ ಅವರವರ ಬ್ಯಾಂಕ್ ಖಾತೆಯಿಂದ ನೇರವಾಗಿ ಮಾರುವವರಿಗೆ ಹೋಗಲಿ. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಗುಂಪಿನಲ್ಲಿ ವಿದೇಶದಲ್ಲಿ ನೆಲೆಸಿದವರಿದ್ದರೆ, ಅನಿವಾಸಿ ಭಾರತೀಯರು ಕೃಷಿ ಜಾಗ, ತೋಟ, ತೋಟದ ಮನೆ ಖರೀದಿಸುವಂತಿಲ್ಲ ಎಂಬ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮವನ್ನು ನೆನಪಿಡಿ. ಪರಿವರ್ತನೆಯಾದ ನಿವೇಶನ ಅಥವಾ ಫ್ಲ್ಯಾಟ್‌ಗೆ ಆ ತಡೆ ಇಲ್ಲ. ಒಬ್ಬರಿಗೆ ತುರ್ತಾಗಿ ಹಣ ಬೇಕಾದರೆ ಅವರ ಪಾಲನ್ನು ಯಾರು, ಯಾವ ದರಕ್ಕೆ ಕೊಳ್ಳಬೇಕು, ಮಾರುವ ತೀರ್ಮಾನಕ್ಕೆ ಎಷ್ಟು ಜನರ ಒಪ್ಪಿಗೆ ಬೇಕು ಎಂಬುದನ್ನು ಖರೀದಿಗೆ ಮುನ್ನವೇ ಕರಾರಿನಲ್ಲಿ ಬರೆಸಿ. ಸಂಬಂಧಿಕರೊಂದಿಗೆ ಬರೆಸುವುದೇ ಎಂಬ ಸಂಕೋಚ ಬೇಡ. ಇಷ್ಟಕ್ಕೆ ಒಪ್ಪದವರ ಹಣವನ್ನು ನೀವು ಮುಟ್ಟದಿರುವುದೇ ಒಳ್ಳೆಯದು.